ನಾಲ್ಕನೇ ನಂಬರಿನವರು ಮೇಲೆ ಹೋದ ಸೀಜನ್

ಫೆಡರೇಷನ್ ಕಪ್ ಅಂತ ಒಂದು ಫುಟ್‌ಬಾಲ್ ಟೂರ್ನಿ ಇತ್ತು. ಈಗ ಇಲ್ಲ. 1977ರಲ್ಲಿ ಶುರುವಾಗಿ 2017ಕ್ಕೆ ನಿಂತುಹೋಯಿತು. ದೇಶಕ್ಕೆಲ್ಲ ಒಂದು ಲೀಗ್ ಅನ್ನೋದೇ ಇಲ್ಲದ ಕಾಲದಲ್ಲಿ, ಕೋಲ್ಕತ್ತ, ಗೋವಾ, ಪಂಜಾಬ್, ಕೇರಳ, ಬೆಂಗಳೂರು ಅಂತ ಚದುರಿಕೊಂಡಿದ್ದ ಕ್ಲಬ್‌ಗಳನ್ನು ಒಂದೆಡೆ ಸೇರಿಸಿ, ಇವರಲ್ಲಿ ಗಟ್ಟಿ ಯಾರು ಅಂತ ನೋಡೋಕೆ ಮಾಡಿದ ಏರ್ಪಾಡು ಅದು. ಮೊದಲ ವರ್ಷ ಕೊಚ್ಚಿಯಲ್ಲಿ ನಡೆದ ಫೈನಲ್‌ನಲ್ಲಿ ಮೋಹನ್ ಬಗಾನ್ ತಂಡವನ್ನು 1-0ಯಿಂದ ಸೋಲಿಸಿ ಕಪ್ ಎತ್ತಿದ್ದು ಬೆಂಗಳೂರಿನ ಐಟಿಐ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದ್ರೆ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯ ತಂಡ.

ಕೊನೆಯ ಫೈನಲ್ ನಡೆದದ್ದು 2017ರ ಮೇ 21ರಂದು, ಕಟಕ್‌ನ ಬಾರಾಬತಿ ಸ್ಟೇಡಿಯಂನಲ್ಲಿ. ಎದುರಾಳಿ ಮತ್ತೆ ಮೋಹನ್ ಬಗಾನ್. ಗೆದ್ದದ್ದು ಮತ್ತೆ ಬೆಂಗಳೂರಿನ ತಂಡವೇ. ಬೆಂಗಳೂರು ಎಫ್‌ಸಿ, 2-0. ತೊಂಬತ್ತು ನಿಮಿಷ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಎರಡು ಹೊಡೆದರು.

ಕ್ವಿಜ್ ಮಾಡೋರಿಗೆ ಇದು ಒಳ್ಳೇ ಪ್ರಶ್ನೆ. ನನಗೆ ಮಾತ್ರ ಇದು ತಲೆಯಲ್ಲಿ ಕೂತಿದ್ದು ಬೇರೆ ಕಾರಣಕ್ಕೆ. ಮೊದಲ ಕಪ್ ಗೆದ್ದವರು ಸರಕಾರಿ ಕಾರ್ಖಾನೆಯ ನೌಕರರು. ಕೊನೆಯ ಕಪ್ ಗೆದ್ದವರು ಒಂದು ಉಕ್ಕಿನ ಕಂಪನಿ ಕಟ್ಟಿದ ಕ್ಲಬ್ಬಿನ ವೃತ್ತಿಪರ ಆಟಗಾರರು. ಆ ಗೆಲುವು ಬಂದ ಮೂರೇ ವಾರಕ್ಕೆ ಆ ಕ್ಲಬ್ಬು ತಾನು ಆಡುತ್ತಿದ್ದ ಲೀಗನ್ನೇ ಬಿಟ್ಟು ಇನ್ನೊಂದಕ್ಕೆ ಹೊರಟಿತು. 2016-17ರ ಆ ಸೀಜನ್ನಿನ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಬಿಎಫ್‌ಸಿ ಅಭಿಮಾನಿಗಳನ್ನು ಕೇಳಿದರೆ 2014 ಅಂತಾರೆ, 2016 ಅಂತಾರೆ, 2019 ಅಂತಾರೆ. ಲೀಗ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಿದ್ದ ವರ್ಷ ಯಾರಿಗೆ ಬೇಕು? ಆದ್ರೆ ನಮ್ಮ ಫುಟ್‌ಬಾಲ್‌ನ ಹಳೇ ಕಾಲ ಮತ್ತು ಹೊಸ ಕಾಲದ ನಡುವಿನ ಗೆರೆ ಎಲ್ಲಿ ಹಾದುಹೋಗುತ್ತದೆ ಅಂತ ಹುಡುಕಿದ್ರೆ, ಅದು ಸಿಗೋದು ಈ ವರ್ಷದಲ್ಲೇ.

'ಸೀಜನ್' ಅನ್ನೋ ಪದಕ್ಕೆ ನಮ್ಮ ಕಡೆ ಒಂದೇ ಅರ್ಥ. ಮುಧೋಳ ಸೀಮೆಯ ತಿಮ್ಮಾಪುರದವನು ನಾನು. ಅಲ್ಲಿ ಸೀಜನ್ ಅಂದ್ರೆ ಕಬ್ಬು ನುರಿಸೋ ಸೀಜನ್. ಅಕ್ಟೋಬರ್-ನವೆಂಬರ್ ಹೊತ್ತಿಗೆ ಕಾರ್ಖಾನೆಯ ಬಾಯ್ಲರ್ ಹೊತ್ತಿತು ಅಂದ್ರೆ ಮುಂದಿನ ಬೇಸಿಗೆವರೆಗೆ ರಸ್ತೆ ತುಂಬ ಟ್ರ್ಯಾಕ್ಟರು. ಆಟ ಅಂದ್ರೆ ಕುಸ್ತಿ, ಕಬಡ್ಡಿ, ಖೋ-ಖೋ. ಫುಟ್‌ಬಾಲನ್ನು ನಾನು ಮೊದಲು ನೆಟ್ಟಗೆ ನೋಡಿದ್ದೇ ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ, ಅದೂ ಟಿವಿಯಲ್ಲಿ, ರಾತ್ರಿ ಹನ್ನೆರಡರ ಮೇಲೆ. ನಮ್ಮ ಟೀಮಿನಲ್ಲಿ ಒಬ್ಬ ಯುವೆಂಟಸ್, ಇನ್ನೊಬ್ಬ ಇಂಟರ್ ಮಿಲಾನ್, ಉಳಿದವರೆಲ್ಲ ಮ್ಯಾಂಚೆಸ್ಟರ್. ಕಂಠೀರವದಲ್ಲೇ ಒಂದು ಕ್ಲಬ್ಬು ಆಡುತ್ತೆ, ಆಫೀಸಿನಿಂದ ಬಸ್ಸಿನಲ್ಲಿ ಹೋಗಿ ನೋಡಬಹುದು ಅಂತ ಗೊತ್ತಾಗಿದ್ದು ಆಮೇಲೆ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದು ಅಂತ ನನ್ನಂಗೆ ಹೊರಗಿಂದ ಬಂದವರು ಅಂದ್ಕೊಂಡಿರ್ತೀವಿ. ಅದು ಶುದ್ಧ ತಪ್ಪು. ದಂಡು ಪ್ರದೇಶದಲ್ಲಿ ಬ್ರಿಟಿಷ್ ರೆಜಿಮೆಂಟುಗಳು ಆಡುತ್ತಿದ್ದ ಆಟ ಪಕ್ಕದ ಗಲ್ಲಿಗಳಿಗೆ ಇಳಿದು ಅಲ್ಲೇ ಬೇರು ಬಿಟ್ಟಿತು. ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರ, ಹಲಸೂರಿನ ಗೌತಮಪುರ. ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಇದೆ, ಹೋಗಿ ನೋಡಿ. ಮುಂಬೈನ ರೋವರ್ಸ್ ಕಪ್ 1891ರಿಂದ ನಡೆದುಕೊಂಡು ಬಂದಿತ್ತು, ಗೆಲ್ಲುತ್ತಿದ್ದದ್ದು ಬರೀ ಬ್ರಿಟಿಷ್ ಪಡೆಗಳ ತಂಡಗಳು. ಅದನ್ನು ಮುರಿದದ್ದು ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಮರುವರ್ಷ ಮತ್ತೆ ಅವರೇ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ನಾಲ್ಕು ಸಲ ಗೆದ್ದಿದೆ: 1946-47, 1952-53, 1967-68, 1968-69. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರಿನ ಆಟಗಾರ. ಬರಿಗಾಲಲ್ಲಿ ಚೆಂಡನ್ನು ಕುಣಿಸುತ್ತಿದ್ದ ಅಹ್ಮದ್ ಖಾನ್ ಬೆಂಗಳೂರಿನವರು. ಕೋಲ್ಕತ್ತದ ಈಸ್ಟ್ ಬೆಂಗಾಲ್‌ಗೆ ಹೋಗಿ 'ಪಂಚ ಪಾಂಡವ'ರಲ್ಲಿ ಒಬ್ಬರಾದರು.

ಸ್ವಾತಂತ್ರ್ಯ ಬಂದ ಮೇಲೆ ಈ ಆಟವನ್ನು ಸಾಕಿದ್ದು ಕಾರ್ಖಾನೆಗಳು. ಐಟಿಐ, ಎಚ್‌ಎಎಲ್, ಬಿಇಎಂಎಲ್, ಜೊತೆಗೆ ಮಿಲಿಟರಿಯ ಎಂಇಜಿ, ಎಎಸ್‌ಸಿ. ಲೆಕ್ಕ ಸರಳ. ಹುಡುಗ ಚೆನ್ನಾಗಿ ಆಡ್ತಾನಾ? ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿ. ಬೆಳಗ್ಗೆ ಹಾಜರಿ, ಮಧ್ಯಾಹ್ನದ ಮೇಲೆ ಅಭ್ಯಾಸ, ಮೊಣಕಾಲು ಹೋದ ಮೇಲೂ ಸಂಬಳ, ಕಡೆಗೆ ಪಿಂಚಣಿ. ಯಾರೂ ಕೋಟ್ಯಧಿಪತಿ ಆಗಲಿಲ್ಲ, ಆದ್ರೆ ಗಲ್ಲಿಯ ಹುಡುಗನ ಅವ್ವನಿಗೆ 'ಇವ ಆಡಿ ಹಾಳಾಗ್ತಾನ' ಅನ್ನೋ ಭಯ ಇರಲಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮೂರ ಎಸ್‌ಟಿಡಿ ಬೂತಿನ ಫೋನಿನ ಮೇಲೆ ಐಟಿಐ ಅಂತ ಅಚ್ಚು ಹಾಕಿರುತ್ತಿತ್ತು. ಆ ಫೋನು ಮಾಡಿದವರ ಪೈಕಿ ಕೆಲವರು ಮೋಹನ್ ಬಗಾನ್ ತಂಡವನ್ನು ಸೋಲಿಸಿದವರು ಅಂತ ಆಗ ಯಾರಾದರೂ ಹೇಳಿದ್ದರೆ ನಂಬುತ್ತಿದ್ದೆನೋ ಇಲ್ಲವೋ.

ಉದಾರೀಕರಣ ಬಂತು, ಐಟಿಐ ಫೋನು ಯಾರಿಗೂ ಬೇಡವಾಯಿತು, ನೇಮಕಾತಿ ನಿಂತಿತು. ತಂಡಗಳು ಕುಗ್ಗಿದವು. ಕಡೆಗೆ ಉಳಿದದ್ದು ಎಚ್‌ಎಎಲ್. 2010ರಲ್ಲಿ ಎರಡನೇ ದರ್ಜೆಯಿಂದ ಮೇಲೆ ಬಂದು ಐ-ಲೀಗ್ ಆಡಿದರು. ನೈಜೀರಿಯಾ, ಬ್ರೆಜಿಲ್‌ನ ಆಟಗಾರರನ್ನು ಇಟ್ಟುಕೊಂಡ ತಂಡಗಳ ಎದುರು ಕಾರ್ಖಾನೆ ನೌಕರರ ತಂಡ ಎಷ್ಟು ದಿನ ತಡೆದೀತು? 2011-12ರಲ್ಲಿ ಕೊನೆಯ ಸ್ಥಾನ, ಕೆಳದರ್ಜೆಗೆ ಇಳಿತ.

ಮರುವರ್ಷವೇ, 2013ರ ಜುಲೈನಲ್ಲಿ, ಜೆಎಸ್‌ಡಬ್ಲ್ಯು ಕಂಪನಿ ಬೆಂಗಳೂರು ಎಫ್‌ಸಿಯನ್ನು ಘೋಷಿಸಿತು. ಬಳ್ಳಾರಿ ಹತ್ತಿರದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರೇ. ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ: ಬಿಎಫ್‌ಸಿ ಐ-ಲೀಗ್‌ಗೆ ಬಂದದ್ದು ಕೆಳಗಿಂದ ಮೆಟ್ಟಿಲು ಹತ್ತಿ ಅಲ್ಲ. ಕಂಪನಿಗಳಿಗೆ ನೇರ ಪ್ರವೇಶ ಅಂತ ಫೆಡರೇಷನ್ ಬಿಡ್ ಕರೆದಿತ್ತು, ಆ ಬಾಗಿಲಿಂದ ಬಂದರು.

ಬಂದವರು ಸುಮ್ಮನೆ ಕೂರಲಿಲ್ಲ ಅನ್ನೋದೂ ನಿಜ. ಮೊದಲ ಪಂದ್ಯ 2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಎದುರಿಗೆ ಯಾರು ಅನ್ಕೊಂಡ್ರಿ? ಮೋಹನ್ ಬಗಾನ್. 1-1 ಡ್ರಾ. ಕೋಚ್ ಆ್ಯಶ್ಲಿ ವೆಸ್ಟ್‌ವುಡ್, ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದ ಇಂಗ್ಲಿಷರವನು. ನಾಯಕ ಸುನಿಲ್ ಛೆಟ್ರಿ. ತಿನ್ನೋ ಊಟ, ಮಲಗೋ ಹೊತ್ತು, ಓಡೋ ದೂರ ಎಲ್ಲಕ್ಕೂ ಲೆಕ್ಕ. ಮೊದಲ ಸೀಜನ್‌ನಲ್ಲೇ ಚಾಂಪಿಯನ್. ಎರಡನೇ ವರ್ಷ ಕೊನೆಯ ದಿನ ಕಂಠೀರವದಲ್ಲಿ ಗೆಲ್ಲಲೇಬೇಕಿದ್ದ ಪಂದ್ಯ, 87ನೇ ನಿಮಿಷದವರೆಗೂ ಮುಂದಿದ್ದರು, ಅಲ್ಲಿ ಗೋಲು ಬಿಟ್ಟುಕೊಟ್ಟು ಪ್ರಶಸ್ತಿಯನ್ನು ಮೋಹನ್ ಬಗಾನ್‌ಗೆ ಒಪ್ಪಿಸಿದರು. ಮೂರನೇ ವರ್ಷ, 2016ರ ಏಪ್ರಿಲ್‌ನಲ್ಲಿ, ಮತ್ತೆ ಚಾಂಪಿಯನ್. ಮೂರು ವರ್ಷದಲ್ಲಿ ಎರಡು ಲೀಗ್, ನಡುವೆ ಒಂದು ಫೆಡರೇಷನ್ ಕಪ್.

ಅಲ್ಲಿಗೆ ವೆಸ್ಟ್‌ವುಡ್ ಹೊರಟರು.

2016ರ ಆ ಬೇಸಿಗೆಯಲ್ಲಿ ಭಾರತದ ಫುಟ್‌ಬಾಲ್ ಎರಡು ದೋಣಿಯಲ್ಲಿ ಕಾಲಿಟ್ಟು ನಿಂತಿತ್ತು. ಒಂದು ಕಡೆ ಐ-ಲೀಗ್, ಅಧಿಕೃತ ಲೀಗ್, ಏಷ್ಯಾ ಮಟ್ಟಕ್ಕೆ ಹೋಗೋಕೆ ದಾರಿ ಅದೇ. ಇನ್ನೊಂದು ಕಡೆ 2014ರಲ್ಲಿ ಹುಟ್ಟಿದ ಇಂಡಿಯನ್ ಸೂಪರ್ ಲೀಗ್, ಎಂಟು ಫ್ರಾಂಚೈಸಿ, ಸಿನಿಮಾ ತಾರೆಯರು, ಟಿವಿ, ದುಡ್ಡು. ಐಎಸ್‌ಎಲ್‌ನಲ್ಲಿ ಸೋತವರು ಕೆಳಗೆ ಇಳಿಯಲ್ಲ, ಕೆಳಗೆ ಗೆದ್ದವರು ಮೇಲೆ ಬರಲ್ಲ. ಇನ್ನು ಮುಂದೆ ಐಎಸ್‌ಎಲ್‌ನ್ನೇ ದೊಡ್ಡ ಲೀಗ್ ಮಾಡೋ ಯೋಜನೆ ಇದೆ ಅಂತ ಫೆಡರೇಷನ್ ಆ ವರ್ಷ ನಕ್ಷೆ ತೋರಿಸಿತು. ಗೋವಾದ ಕ್ಲಬ್‌ಗಳು ಸಿಟ್ಟಿಗೆದ್ದವು. ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಗೋವಾ ಮೂರೂ ಐ-ಲೀಗ್‌ನಿಂದ ಹೊರನಡೆದವು. ಐದು ಸಲ ದೇಶದ ಚಾಂಪಿಯನ್ ಆಗಿದ್ದ ಡೆಂಪೊ ಅಷ್ಟು ಸುಲಭಕ್ಕೆ ಕಾಣೆಯಾಯಿತು. ತಂಡಗಳು ಕಮ್ಮಿಬಿದ್ದವು ಅಂತ, ಹಿಂದಿನ ಸೀಜನ್‌ನಲ್ಲಿ ಕೆಳಗಿಳಿದಿದ್ದ ಮಿಜೋರಾಂನ ಐಜ್ವಾಲ್ ಎಫ್‌ಸಿಯನ್ನು ಮತ್ತೆ ಕರೆದು ಕೂರಿಸಿದರು. ಈ ಐಜ್ವಾಲ್ ಹೆಸರನ್ನು ನೆನಪಿಟ್ಕೊಳ್ಳಿ.

ನಮ್ಮ ಕೆಲಸದಲ್ಲಿ ಹಳೇ ಸಿಸ್ಟಮ್‌ನಿಂದ ಹೊಸದಕ್ಕೆ ಮೈಗ್ರೇಷನ್ ಮಾಡುವಾಗ ಕೆಲವು ತಿಂಗಳು ಎರಡನ್ನೂ ಓಡಿಸ್ತೀವಿ. ಬಳಸೋರು ಎರಡು ಕಡೆ ಲಾಗಿನ್ ಆಗಬೇಕು, ಒಂದೇ ಡೇಟಾ ಎರಡು ಸಲ ತುಂಬಬೇಕು, ಯಾವುದು ಸತ್ಯ ಅಂತ ಯಾರಿಗೂ ಗ್ಯಾರಂಟಿ ಇರಲ್ಲ. ಬಿಎಫ್‌ಸಿಯ 2016-17 ಥೇಟ್ ಹಂಗೇ ಇತ್ತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಐಎಸ್‌ಎಲ್. ಬಿಎಫ್‌ಸಿ ಅದರಲ್ಲಿ ಇಲ್ಲ, ಆದ್ರೆ ಅದರ ಆಟಗಾರರು ಇದ್ದಾರೆ, ಬೇರೆಯವರ ಅಂಗಿಯಲ್ಲಿ. ಛೆಟ್ರಿ ಮುಂಬೈ ಸಿಟಿಗೆ. ವಿನೀತ್ ಮತ್ತು ರಿನೋ ಆ್ಯಂಟೊ ಕೇರಳ ಬ್ಲಾಸ್ಟರ್ಸ್‌ಗೆ. ಯುಜೀನ್‌ಸನ್ ಲಿಂಗ್ಡೊ ಪುಣೆಗೆ. ಜನವರಿಗೆ ಎಲ್ಲರೂ ವಾಪಸ್ ಬಂದು ನೀಲಿ ಅಂಗಿ ತೊಡಬೇಕು. ಬೆಂಗಳೂರಿಗೇ ಒಂದು ಐಎಸ್‌ಎಲ್ ತಂಡ 2014ರಲ್ಲಿ ಬರಬೇಕಿತ್ತು. ಮಾಲೀಕರು ಹಿಂದೆ ಸರಿದು ಅದು ಚೆನ್ನೈಗೆ ಹೋಯಿತು.

ಇದರ ಮಧ್ಯೆ ಹೊಸ ಕೋಚ್. ಆಲ್ಬರ್ಟ್ ರೋಕಾ, ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್‌ಗೆ ಸಹಾಯಕನಾಗಿದ್ದವರು. ವೆಸ್ಟ್‌ವುಡ್ ತಂಡ ಗಟ್ಟಿಯಾಗಿ ಕಟ್ಟಿಕೊಂಡು, ಬೇಗ ಮುಂದಕ್ಕೆ ಚೆಂಡು ಕಳಿಸಿ, ಕಾರ್ನರ್-ಫ್ರೀಕಿಕ್‌ಗಳಲ್ಲಿ ಎದುರಾಳಿಯನ್ನು ಹಣ್ಣು ಮಾಡೋ ತಂಡ. ರೋಕಾ ಚೆಂಡು ನಮ್ಮ ಹತ್ತಿರವೇ ಇರಲಿ, ಗೋಲ್‌ಕೀಪರಿನಿಂದಲೇ ಪಾಸ್ ಮಾಡಿಕೊಂಡು ಬನ್ನಿ ಅನ್ನೋರು. ಎರಡು ಸಲ ಚಾಂಪಿಯನ್ ಆದ ತಂಡಕ್ಕೆ ನಡಿಗೆ ಬದಲಾಯಿಸು ಅಂತ ಹೇಳೋದು ಸಣ್ಣ ಮಾತಲ್ಲ. ಸ್ಪೇನ್‌ನಿಂದ ಆಲ್ವಾರೊ ರೂಬಿಯೊ, ಹುವಾನನ್ ಬಂದರು.

ಹೊಸ ಕೋಚ್‌ನ ಮೊದಲ ಪರೀಕ್ಷೆಯೇ ದೊಡ್ಡದು. ಎಎಫ್‌ಸಿ ಕಪ್‌ನ ನಾಕೌಟ್. ಕ್ವಾರ್ಟರ್ ಫೈನಲ್‌ನಲ್ಲಿ ಸಿಂಗಪುರದ ಟ್ಯಾಂಪೈನ್ಸ್ ರೋವರ್ಸ್: ಇಲ್ಲಿ 1-0, ಅಲ್ಲಿ 0-0. ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೋಹೊರ್ ದಾರುಲ್ ತಾಜಿಮ್. ಜೋಹೊರ್ ಸಂಸ್ಥಾನದ ಯುವರಾಜನದೇ ಕ್ಲಬ್ಬು, ಹಾಲಿ ಚಾಂಪಿಯನ್ನರು. ಅವರ ನೆಲದಲ್ಲಿ 1-1 ಮಾಡಿಕೊಂಡು ಬಂದರು.

2016ರ ಅಕ್ಟೋಬರ್ 19, ಬುಧವಾರ, ಕಂಠೀರವ. ನಾನು ಅವತ್ತು ಸಂಜೆಯ ಕಾಲ್ ಒಂದನ್ನು ಇನ್ನೊಬ್ಬರಿಗೆ ವಹಿಸಿ ಹೋಗಿದ್ದೆ. ಜೋಹೊರ್‌ನವರು ಹನ್ನೊಂದನೇ ನಿಮಿಷಕ್ಕೇ ಗೋಲು ಹೊಡೆದರು. ಸ್ಟೇಡಿಯಂ ತಣ್ಣಗಾಯಿತು. ವೆಸ್ಟ್ ಬ್ಲಾಕ್‌ನ ಹುಡುಗರು ಮಾತ್ರ ಡೊಳ್ಳು ನಿಲ್ಲಿಸಲಿಲ್ಲ. ಹಿಂದಿನ ವರ್ಷದ ತಂಡವಾಗಿದ್ದರೆ ಉದ್ದುದ್ದ ಚೆಂಡು ಎಸೆಯೋಕೆ ಶುರು ಮಾಡುತ್ತಿತ್ತು. ಇವರು ಮಾಡಲಿಲ್ಲ. ಪಾಸ್, ಪಾಸ್, ಮತ್ತೆ ಪಾಸ್. ನನ್ನ ಹಿಂದಿದ್ದ ಹಿರಿಯರೊಬ್ಬರು, ಆಸ್ಟಿನ್ ಟೌನಿನವರು, ತಮಿಳು-ಕನ್ನಡ ಎರಡೂ ಕಲಸಿ ಬೈತಿದ್ದರು. ವಿರಾಮಕ್ಕೆ ನಾಲ್ಕು ನಿಮಿಷ ಇರುವಾಗ ಛೆಟ್ರಿ ತಲೆ ಕೊಟ್ಟು ಸಮ ಮಾಡಿದರು. ಬೈಗುಳ ನಿಂತಿತು. 67ನೇ ನಿಮಿಷದಲ್ಲಿ ಛೆಟ್ರಿಯದ್ದೇ ಇನ್ನೊಂದು. 75ರಲ್ಲಿ ಹುವಾನನ್. 3-1. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಎಎಫ್‌ಸಿ ಕಪ್ ಫೈನಲ್ ತಲುಪಿರಲಿಲ್ಲ. 2008ರಲ್ಲಿ ಡೆಂಪೊ, 2013ರಲ್ಲಿ ಈಸ್ಟ್ ಬೆಂಗಾಲ್ ಸೆಮಿಫೈನಲ್‌ನಲ್ಲೇ ನಿಂತಿದ್ದವು.

ಫೈನಲ್ ನವೆಂಬರ್ 5ರಂದು ದೋಹಾದಲ್ಲಿ. ಎದುರಾಳಿ ಇರಾಕ್ ವಾಯುಪಡೆಯ ಕ್ಲಬ್ಬು, ಅಲ್ ಖುವಾ ಅಲ್ ಜಾವಿಯಾ, 1931ರಲ್ಲಿ ಹುಟ್ಟಿದ್ದು. ಯುದ್ಧದ ಕಾರಣ ತಮ್ಮ ಊರಲ್ಲಿ ಆಡೋಕಾಗದೆ ಬೇರೆ ದೇಶದಲ್ಲಿ 'ಹೋಮ್' ಪಂದ್ಯ ಆಡುತ್ತಿದ್ದವರು. ವಿಮಾನ ಕಟ್ಟೋ ಎಚ್‌ಎಎಲ್ ತಂಡ ಕೆಳಗಿಳಿದ ಊರಿನ ಕ್ಲಬ್ಬು ವಿಮಾನ ಹಾರಿಸೋರ ಕ್ಲಬ್ಬಿನ ಎದುರು ಆಡಬೇಕಾಗಿ ಬಂತಲ್ಲ ಅಂತ ನನಗೆ ಆಗ ಅನಿಸಿತ್ತು. ಬಿಎಫ್‌ಸಿಯ ಮುಖ್ಯ ಗೋಲ್‌ಕೀಪರ್ ಅಮರಿಂದರ್ ನಿಷೇಧದಿಂದ ಹೊರಗೆ, ರಾಲ್ಟೆ ನಿಂತರು. 71ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲು. 1-0. ಆ ಇರಾಕಿ ಕ್ಲಬ್ಬು ಮುಂದಿನ ಎರಡು ವರ್ಷವೂ ಅದೇ ಕಪ್ ಗೆದ್ದಿತು ಅಂದ್ರೆ ಎಂಥವರ ಎದುರು ಸೋತದ್ದು ಅಂತ ಗೊತ್ತಾಗುತ್ತದೆ.

ದೋಹಾದಿಂದ ಆಟಗಾರರು ಬೆಂಗಳೂರಿಗೆ ಬಂದು ಸುಧಾರಿಸಿಕೊಳ್ಳಲಿಲ್ಲ. ಐಎಸ್‌ಎಲ್ ಅರ್ಧ ಮುಗಿದಿತ್ತು. ಛೆಟ್ರಿ ಮುಂಬೈಗೆ, ವಿನೀತ್ ಕೊಚ್ಚಿಗೆ. ವಿನೀತ್ ತಡವಾಗಿ ಹೋಗಿಯೂ ಐದು ಗೋಲು ಹೊಡೆದು ಬ್ಲಾಸ್ಟರ್ಸ್ ತಂಡವನ್ನು ಫೈನಲ್‌ಗೆ ಒಯ್ದರು. ಆ ಫೈನಲ್ ಡಿಸೆಂಬರ್ 18ಕ್ಕೆ. ಐ-ಲೀಗ್ ಶುರು ಜನವರಿ 7ಕ್ಕೆ. ಮೂರು ವಾರ ಕೂಡ ಇಲ್ಲ. ಕಬ್ಬಿನ ಗ್ಯಾಂಗಿನವರು ಒಂದು ಕಾರ್ಖಾನೆಯ ಪಾಳಿ ಮುಗಿಸಿ ಮರುದಿನವೇ ಇನ್ನೊಂದರ ಹೊಲಕ್ಕೆ ಹೋದಂಗೆ.

ಐ-ಲೀಗ್‌ನಲ್ಲಿ ಬಿಎಫ್‌ಸಿ ಗೆದ್ದೇ ಶುರು ಮಾಡಿತು, ಆಮೇಲೆ ಉಸಿರು ಕಟ್ಟಿತು. ದಣಿವು ಒಂದು ಕಾರಣ, ನಡುವೆ ಮತ್ತೆ ಎಎಫ್‌ಸಿ ಕಪ್‌ನ ಹೊಸ ಸೀಜನ್ ಶುರುವಾದದ್ದು ಇನ್ನೊಂದು. ರೋಕಾ ಶೈಲಿ ಇನ್ನೂ ಮೈಗೆ ಹತ್ತಿರಲಿಲ್ಲ ಅನ್ನೋದೂ ಇತ್ತು. ಹಿಂದಕ್ಕೆ ಪಾಸ್ ಮಾಡುವಾಗ ಚೆಂಡು ಕಳೆದುಕೊಂಡು ಗೋಲು ಬಿಟ್ಟರೆ ಸ್ಟ್ಯಾಂಡಿನಲ್ಲಿ ವೆಸ್ಟ್‌ವುಡ್ ಹೆಸರು ಕೇಳಿಬರುತ್ತಿತ್ತು. 18 ಪಂದ್ಯ ಮುಗಿದಾಗ ಪಟ್ಟಿ ಹೀಗಿತ್ತು: ಐಜ್ವಾಲ್ 37 ಅಂಕ, ಮೋಹನ್ ಬಗಾನ್ 36, ಈಸ್ಟ್ ಬೆಂಗಾಲ್ 33, ಬೆಂಗಳೂರು 30.

ಹೌದು, ಐಜ್ವಾಲ್. ಕೆಳಗಿಳಿದಿದ್ದವರು, ಬೇರೆಯವರು ಬಿಟ್ಟುಹೋದದ್ದಕ್ಕೆ ಕರೆಸಿಕೊಂಡವರು. ಕೋಚ್ ಖಾಲಿದ್ ಜಮೀಲ್, ಮುಂಬೈ ಎಫ್‌ಸಿಯಲ್ಲಿ ಏಳು ವರ್ಷ ದುಡಿದ ಮೇಲೆ ಬೇಡ ಅನಿಸಿಕೊಂಡು ಗುಡ್ಡ ಹತ್ತಿದವರು. ಏಪ್ರಿಲ್ 30ರಂದು ಶಿಲ್ಲಾಂಗ್‌ನಲ್ಲಿ ಒಂದು ಡ್ರಾ ಸಾಕಿತ್ತು, 1-1 ಮಾಡಿಕೊಂಡರು. ಈಶಾನ್ಯ ರಾಜ್ಯದ ಕ್ಲಬ್ಬೊಂದು ದೇಶದ ಚಾಂಪಿಯನ್ ಆದದ್ದು ಅದೇ ಮೊದಲು. ಹಿಂದಿನ ವರ್ಷವಷ್ಟೇ ಇಟಲಿಯ ರನಿಯೇರಿ ಕೋಚ್ ಆಗಿ ಲೆಸ್ಟರ್ ಸಿಟಿ ಇಂಗ್ಲೆಂಡ್‌ನಲ್ಲಿ ಗೆದ್ದಿತ್ತು. ಪತ್ರಿಕೆಗಳೆಲ್ಲ ಐಜ್ವಾಲನ್ನು ಭಾರತದ ಲೆಸ್ಟರ್ ಅಂದವು. ನನಗೆ ಈ ಹೋಲಿಕೆ ಅಷ್ಟು ಸರಿ ಕಾಣಲಿಲ್ಲ. ಲೆಸ್ಟರ್ ಗೆದ್ದ ಮೇಲೆ ಅವರ ಲೀಗನ್ನು ಯಾರೂ ಎರಡನೇ ದರ್ಜೆಗೆ ತಳ್ಳಲಿಲ್ಲ.

ಮೇ ತಿಂಗಳಲ್ಲಿ ಫೆಡರೇಷನ್ ಕಪ್. ಲೀಗ್ ಕಳೆದುಕೊಂಡ ಬಿಎಫ್‌ಸಿಗೆ ಅದು ಏಷ್ಯಾಕ್ಕೆ ಮತ್ತೆ ಹೋಗೋಕೆ ಕೊನೆಯ ದಾರಿ. ಸೆಮಿಫೈನಲ್‌ನಲ್ಲಿ ಎದುರಿಗೆ ಬಂದದ್ದು ಅದೇ ಐಜ್ವಾಲ್, 1-0 ಗೆದ್ದರು. ಫೈನಲ್ ಕತೆ ಮೊದಲೇ ಹೇಳಿದೆ. ಕಟಕ್‌ನ ಮೇ ತಿಂಗಳ ಸೆಕೆಯಲ್ಲಿ ನೂರಿಪ್ಪತ್ತು ನಿಮಿಷ ಆಡಿ ಗೆದ್ದ ಆ ತಂಡ ಸೀಜನ್ ಶುರುವಿನಲ್ಲಿ ಇದ್ದ ತಂಡ ಅಲ್ಲ. ಚೆಂಡು ಇಟ್ಟುಕೊಳ್ಳೋದನ್ನು ಕಲಿತಿತ್ತು, ಅವಸರ ಬಿಟ್ಟಿತ್ತು. ನಾಲ್ಕನೇ ಸ್ಥಾನದ ವರ್ಷವನ್ನು ಸೋಲಿನ ವರ್ಷ ಅನ್ನೋಕೆ ನನಗೆ ಮನಸ್ಸು ಬರದಿರೋದು ಇದಕ್ಕೆ.

ಜೂನ್ 12ಕ್ಕೆ ಘೋಷಣೆ ಬಂತು. ಐಎಸ್‌ಎಲ್‌ಗೆ ಎರಡು ಹೊಸ ತಂಡ: ಬೆಂಗಳೂರು, ಜಮ್‌ಷೆಡ್‌ಪುರ. ಜೆಎಸ್‌ಡಬ್ಲ್ಯು ಮತ್ತು ಟಾಟಾ ಸ್ಟೀಲ್. ಎರಡೂ ಉಕ್ಕು. ಐಜ್ವಾಲ್ ತನ್ನನ್ನೂ ದೊಡ್ಡ ಲೀಗ್‌ನಲ್ಲಿ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಪ್ರತಿಭಟನೆಗೆ ಕೂರುತ್ತೇವೆ ಅಂದಿತ್ತು. ಏನೂ ಆಗಲಿಲ್ಲ. ಐ-ಲೀಗ್‌ನಲ್ಲೇ ಉಳಿಯಿತು.

ಆ ತಿಂಗಳು ಊರಿಗೆ ಹೋದಾಗ ಕಾಕಾನ ಮುಂದೆ ಇದನ್ನು ಹೇಳಿದೆ. ಫುಟ್‌ಬಾಲ್ ಬಗ್ಗೆ ಅವನಿಗೆ ಏನೂ ಗೊತ್ತಿಲ್ಲ, ಆದ್ರೆ ಜಾತ್ರೆ ಕುಸ್ತಿಯಲ್ಲಿ ಯಾರಿಗೆ ಯಾರನ್ನ ಜೋಡಿ ಹಚ್ಚಬೇಕು ಅನ್ನೋದರಲ್ಲಿ ಸುತ್ತ ಹತ್ತೂರಿನವರು ಅವನ ಮಾತು ಕೇಳ್ತಾರೆ. ಎಲ್ಲ ಕೇಳಿದ ಮೇಲೆ ಎಲೆಅಡಿಕೆ ಒಂದು ಬದಿಗೆ ಸರಿಸಿ ಅಂದ: "ತಮ್ಮಾ, ಒಂದನೇ ನಂಬರ್ ಬಂದಾವ್ರು ಅಲ್ಲೇ ಕುಂತ್ರು, ನಾಕನೇ ನಂಬರ್ ಬಂದಾವ್ರು ಮ್ಯಾಲ ಹ್ವಾದ್ರು ಅಂತೀಯಲ್ಲ, ಇದ್ಯಾವ ಕುಸ್ತಿಲೇ? ರೊಕ್ಕ ಕೊಟ್ರ ಜೋಡಿ ಹಚ್ತಾರೇನ?"

ಹೌದು ಕಾಕಾ, ಹಚ್ತಾರ, ಅಂದೆ.

"ಮತ್ತ ನಿಮ್ಮ ಮಂದಿ ಸೋತ್ರ?"

ಸೋತ್ರೂ ಕೆಳಗ ಬರಂಗಿಲ್ಲ.

ಅವನು ನಕ್ಕ. ಆ ನಗುವಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಟೀಮಿನ ಯುವೆಂಟಸ್ ಅಭಿಮಾನಿಯ ಹತ್ತಿರ ಇತ್ತು. 2006ರಲ್ಲಿ ರೆಫರಿಗಳ ಹಗರಣದಲ್ಲಿ ಸಿಕ್ಕಿಬಿದ್ದ ಯುವೆಂಟಸ್‌ನಿಂದ ಎರಡು ಪ್ರಶಸ್ತಿ ಕಿತ್ತುಕೊಂಡು ಅದನ್ನು ಎರಡನೇ ದರ್ಜೆಗೆ, ಸೀರಿ ಬಿಗೆ, ಇಳಿಸಿದ್ದರು. ಕಪೆಲೊ, ಕ್ಯಾನವಾರೊ ಮ್ಯಾಡ್ರಿಡ್‌ಗೆ ಹೋದರು, ಇಬ್ರಾಹಿಮೊವಿಚ್ ಇಂಟರ್‌ಗೆ. ಅದೇ ಬೇಸಿಗೆಯಲ್ಲಿ ವಿಶ್ವಕಪ್ ಗೆದ್ದು ಬಂದಿದ್ದ ಬುಫಾನ್, ಡೆಲ್ ಪಿಯೆರೊ ಉಳಿದರು. ಮೊದಲ ಪಂದ್ಯ ರಿಮಿನಿ ಅನ್ನೋ ಸಣ್ಣ ಊರಲ್ಲಿ, ಅದೂ 1-1 ಡ್ರಾ. ಮೇಲ್ಮನವಿಗಳ ನಂತರವೂ ಒಂಬತ್ತು ಅಂಕ ಕಡಿತದ ಭಾರ ಹೊತ್ತು ಆಡಿ, ಒಂದು ವರ್ಷದಲ್ಲಿ ಆ ದರ್ಜೆ ಗೆದ್ದು ವಾಪಸ್ ಬಂದರು. ಫಿಯಟ್ ಕಾರು ಕಂಪನಿಯ ಆನ್ಯೆಲ್ಲಿ ಮನೆತನದ ಕ್ಲಬ್ಬದು, ದುಡ್ಡಿಗೇನು ಕಮ್ಮಿ? ಆದ್ರೂ ದುಡ್ಡು ಕೊಟ್ಟು ಮೇಲೆ ಉಳಿಯೋ ಬಾಗಿಲು ಅಲ್ಲಿ ಇರಲಿಲ್ಲ. ಅದೇ ಇಟಲಿಯಲ್ಲಿ ಕಿಯೇವೊ, ವೆರೋನಾ ಪಟ್ಟಣದ ಒಂದು ಪುಟ್ಟ ಬಡಾವಣೆಯ ತಂಡ, ಮೆಟ್ಟಿಲು ಮೆಟ್ಟಿಲೇ ಹತ್ತಿ 2001ರಲ್ಲಿ ಸೀರಿ ಎ ಸೇರಿ ಮೊದಲ ವರ್ಷವೇ ಐದನೇ ಸ್ಥಾನ ಪಡೆಯಿತು. ಆ ಏಣಿ ಇರೋದರಿಂದಲೇ ಯುವೆಂಟಸ್ ಬಿದ್ದದ್ದಕ್ಕೂ ಕಿಯೇವೊ ಎದ್ದದ್ದಕ್ಕೂ ಒಂದು ಅರ್ಥ.

ಇಷ್ಟು ಹೇಳಿ ಬಿಎಫ್‌ಸಿ ಮಾಡಿದ್ದು ದ್ರೋಹ ಅಂತ ನಾನು ಬರೆಯಲ್ಲ. ಡೆಂಪೊ ದಾರಿ ಕಣ್ಣೆದುರಿಗೇ ಇತ್ತು: ಸಿಟ್ಟಿನಿಂದ ಹೊರನಡೆದರೆ ಮರೆತುಹೋಗ್ತೀರಿ. ಐ-ಲೀಗ್‌ನಲ್ಲೇ ಉಳಿದಿದ್ದರೆ ಛೆಟ್ರಿ ಉಳಿಯುತ್ತಿರಲಿಲ್ಲ. ಎರಡೂ ಲೀಗ್ ಒಂದೇ ಹೊತ್ತಿಗೆ ನಡೆಯೋದು ಅಂತಾದ ಮೇಲೆ ಒಬ್ಬ ಆಟಗಾರ ಒಂದನ್ನೇ ಆರಿಸಿಕೊಳ್ಳಬೇಕಿತ್ತು. ಕ್ಲಬ್ಬಿನ ಲೆಕ್ಕದಲ್ಲಿ ತೀರ್ಮಾನ ಸರಿ. ನನಗೆ ಚುಚ್ಚೋದು ಇನ್ನೊಂದು. ನಮ್ಮ ತಿಮ್ಮಾಪುರದ ಸಕ್ಕರೆ ಕಾರ್ಖಾನೆ ರೈತರ ಸಹಕಾರಿ. ಅಪ್ಪನ ಟ್ರಂಕಿನಲ್ಲಿ ಅದರ ಷೇರು ಪತ್ರ ಇದೆ, ಹಳದಿಯಾಗಿದೆ. ಕಾರ್ಖಾನೆ ನಡೆಯಲಿ ಬಿಡಲಿ, ಸಭೆಯಲ್ಲಿ ಎದ್ದುನಿಂತು ಕೇಳೋಕೆ ಅವನಿಗೆ ಹಕ್ಕಿದೆ. ಕಂಠೀರವದಲ್ಲಿ ಡೊಳ್ಳು ಬಾರಿಸಿದವರಿಗೆ ಲೀಗ್ ಬಿಡೋ ಹೊತ್ತಿನಲ್ಲಿ ಕೈಯಲ್ಲಿದ್ದದ್ದು ಟಿಕೆಟ್ಟಿನ ಅರ್ಧ ಚೂರು ಮಾತ್ರ.

ಜುಲೈ 23ರಂದು ಮುಂಬೈನಲ್ಲಿ ಆಟಗಾರರ ಡ್ರಾಫ್ಟ್. ಕಟಕ್‌ನಲ್ಲಿ ಕಪ್ ಎತ್ತಿದ ತಂಡ ಅಲ್ಲಿಗೆ ಚೆಲ್ಲಾಪಿಲ್ಲಿಯಾಯಿತು. ಛೆಟ್ರಿ, ಉದಾಂತ ಉಳಿದರು. ಎರಡು ಗೋಲಿನ ವಿನೀತ್ ಕೇರಳಕ್ಕೆ, ಅಮರಿಂದರ್ ಮುಂಬೈಗೆ, ಲಿಂಗ್ಡೊ 1.10 ಕೋಟಿಗೆ ಕೋಲ್ಕತ್ತಕ್ಕೆ. ಆ ದಿನದ ಅತಿ ದುಬಾರಿ ಇಬ್ಬರಲ್ಲಿ ಅವರೊಬ್ಬರು.

ಮುಂದಿನದು ಎಲ್ಲರಿಗೂ ಗೊತ್ತಿರೋದೇ. ಐಎಸ್‌ಎಲ್ ಶುರುವಾಗೋ ಮೊದಲು, ಸೆಪ್ಟೆಂಬರ್‌ನಲ್ಲಿ, ಉತ್ತರ ಕೊರಿಯಾದ ಪ್ಯಾಂಗ್‌ಯಾಂಗ್‌ಗೆ ಹೋಗಿ ಅಲ್ಲಿನ ಸೇನಾ ತಂಡದ ಎದುರು 0-0 ಆಡಿ ಬಂದರು. ಕ್ಷಿಪಣಿ ಪರೀಕ್ಷೆಗಳ ಸುದ್ದಿ ಬಿಸಿಬಿಸಿ ಇದ್ದ ತಿಂಗಳದು. ಐಎಸ್‌ಎಲ್‌ನ ಮೊದಲ ವರ್ಷವೇ 18 ಪಂದ್ಯದಲ್ಲಿ 40 ಅಂಕ, ಎರಡನೆಯವರಿಗಿಂತ ಎಂಟು ಜಾಸ್ತಿ. ಇಟಲಿಯಲ್ಲಾದರೆ ಅಲ್ಲಿಗೆ ಚಾಂಪಿಯನ್. ಇಲ್ಲಿ ಮತ್ತೆ ಪ್ಲೇಆಫ್. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ಫೈನಲ್, ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಗೋಲು, ಆಮೇಲೆ ಚೆನ್ನೈಯಿನ್‌ಗೆ 3-2 ಸೋಲು. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ಕ್ಕೆ, ಮುಂಬೈನಲ್ಲಿ 117ನೇ ನಿಮಿಷದ ರಾಹುಲ್ ಭೇಕೆ ಗೋಲಿನಿಂದ ಕಪ್ ಬಂತು. ಆಗ ಕೋಚ್ ಆಗಿದ್ದ ಕಾರ್ಲಸ್ ಕ್ವದ್ರಾತ್ ರೋಕಾ ಜೊತೆ ಬಂದಿದ್ದ ಸಹಾಯಕ. 2016-17ರಲ್ಲಿ ಸ್ಟ್ಯಾಂಡಿನಿಂದ ಬೈಸಿಕೊಂಡ ಆ ಪಾಸ್ ಆಟವೇ ಈ ಎರಡು ವರ್ಷದ ಬಂಡವಾಳ.

2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷದ ಮೇಲೆ. ನಮ್ಮ ಆಫೀಸಿನಲ್ಲಿ ಅವತ್ತು ಯಾರಿಗೂ ಗೊತ್ತಿರಲಿಲ್ಲ. ಅದೇ ತಿಂಗಳು ಪಂಜಾಬ್‌ನ ಕ್ಲಬ್ಬೊಂದು ಐ-ಲೀಗ್ ಗೆದ್ದು ಐಎಸ್‌ಎಲ್‌ಗೆ ಬಡ್ತಿ ಪಡೆಯಿತು. ಆಡಿ ಗೆದ್ದು ಮೇಲೆ ಹೋದ ಮೊದಲ ಕ್ಲಬ್ಬು ಅದು. ಐಜ್ವಾಲ್ ಆ ಹೊತ್ತಿಗೂ ಐ-ಲೀಗ್‌ನಲ್ಲೇ ಆಡುತ್ತಿತ್ತು.